ಸತುವಿಗೆ ಬಳಿದ ನೀಲಿ ಬಣ್ಣ

ಒಂದು ಬಂದರಿನಲ್ಲಿ ಕರುಣಾಕರ ಎಂಬ ಬೋಟಿನ ಮಾಲೀಕನಿದ್ದ. ಅವನು ತನ್ನ ಕಬ್ಬಿಣದ ಬೋಟಿಗೆ ನೀಲಿ ಬಣ್ಣ ಬಳಿಸಿದ. ಬಳಿಸಲಿ, ಯಾರು ಬೇಡ ಅಂದರು? ಆದರೆ ಬಳಿಯಲೇಬಾರದ ಒಂದು ಜಾಗಕ್ಕೂ ಬಳಿಸಿದ. ಅದರಿಂದ ಎಂಟು ಜನರ ಜೀವ ಹೋಗುವುದಿತ್ತು. ಮಕ್ಕಳೇ, ಆ ಕಥೆಯನ್ನೇ ನಿಮಗೆ ಹೇಳುತ್ತೇನೆ. ನಡುವೆ ನನ್ನ ಸ್ವರ ಏರಿದರೆ ಬೇಸರ ಮಾಡಿಕೊಳ್ಳಬೇಡಿ. ಆ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದ ಮಾಷ್ಟ್ರು ನಾನು. ಈ ಕರುಣಾಕರ ನನ್ನದೇ ವಿದ್ಯಾರ್ಥಿ. ಸಿಟ್ಟು ಬರದೆ ಇರುತ್ತದೆಯೇ?

ಮೊದಲು ಆ ಜಾಗ ಯಾವುದು ಅಂತ ತಿಳಿದುಕೊಳ್ಳಿ. ಕಬ್ಬಿಣದ ಬೋಟಿನ ಹಿಂಭಾಗದಲ್ಲಿ, ನೀರಿನೊಳಗೆ ಮುಳುಗಿರುವ ಕಡೆ, ನೀರು ತಳ್ಳುವ ಫ್ಯಾನ್ ಇರುತ್ತದೆ. ಅದರ ಹತ್ತಿರ ನಾಲ್ಕು ಸತುವಿನ ಗಟ್ಟಿಗಳನ್ನು ಬಿಗಿದಿರುತ್ತಾರೆ. ಒಂದೊಂದೂ ಅರ್ಧ ಇಟ್ಟಿಗೆಯಷ್ಟು ದೊಡ್ಡದು. ಹೊಸದಾಗಿ ಹಾಕಿದಾಗ ಬೆಳ್ಳಗೆ ಇರುತ್ತದೆ. ಒಂದು ವರ್ಷ ಸಮುದ್ರದಲ್ಲಿ ಓಡಿ ಬಂದ ಮೇಲೆ ನೋಡಿದರೆ ಮೈತುಂಬ ಕುಳಿ, ಅಂಚು ಕರಗಿ, ಬೂದಿ ಹಿಡಿದು, ಮುಟ್ಟಲಿಕ್ಕೇ ಮನಸ್ಸಾಗುವುದಿಲ್ಲ. ಅಷ್ಟು ಕೆಟ್ಟದಾಗಿ ಕಾಣುತ್ತದೆ ಪಾಪ.

ಯಾಕೆ ಹಾಗಾಗುತ್ತದೆ? ಕೇಳಿ. ಕಬ್ಬಿಣವಾಗಲಿ ಸತುವಾಗಲಿ, ಎಲ್ಲ ಪರಮಾಣುಗಳಿಂದಲೇ ಆದದ್ದು. ಪರಮಾಣುವಿನ ನಡುವೆ ನ್ಯೂಕ್ಲಿಯಸ್ಸು ಕೂತಿರುತ್ತದೆ, ದೊಡ್ಡ ಮನುಷ್ಯನ ಹಾಗೆ. ಸುತ್ತ ಎಲೆಕ್ಟ್ರಾನುಗಳು. ಹೊರಗಿನ ಲೋಕದ ಜೊತೆ ಕೊಡುವುದು, ಕೊಳ್ಳುವುದು, ಹಂಚಿಕೊಳ್ಳುವುದು ಎಲ್ಲ ಅತ್ಯಂತ ಹೊರಗಿನ ಎಲೆಕ್ಟ್ರಾನುಗಳ ಕೆಲಸ. ಕಬ್ಬಿಣದ ತಗಡಿನಲ್ಲಿ ಕೋಟಿಗಟ್ಟಲೆ ಪರಮಾಣುಗಳು ತಮ್ಮ ಹೊರಗಿನ ಎಲೆಕ್ಟ್ರಾನುಗಳನ್ನು ಒಟ್ಟಿಗೆ ಬಿಟ್ಟಿರುತ್ತವೆ. ಇದು ನನ್ನದು, ಅದು ನಿನ್ನದು ಅನ್ನುವುದಿಲ್ಲ. ಆ ಹಂಚಿಕೆಯೇ ಬಂಧ. ಅದು ಇರುವುದರಿಂದಲೇ ತಗಡು ತಗಡಾಗಿ ನಿಂತಿದೆ. ಇನ್ನು ಉಪ್ಪುನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ಎಲೆಕ್ಟ್ರಾನು ಬೇಕು. ಅದು ಕಸಿದುಕೊಳ್ಳಲು ಕಾದೇ ಇರುತ್ತದೆ. ಎಲೆಕ್ಟ್ರಾನು ಕೊಟ್ಟ ಕಬ್ಬಿಣದ ಪರಮಾಣು ಬಂಧ ಬಿಟ್ಟು ನೀರಿಗೆ ಇಳಿದುಹೋಗುತ್ತದೆ. ಹಾಗೆ ಒಂದೊಂದೇ ಹೋಗಿ ಹೋಗಿ ತುಕ್ಕು, ಆಮೇಲೆ ತೂತು.

ಸತು ಹತ್ತಿರ ಇದ್ದರೆ ಕಥೆಯೇ ಬೇರೆ. ಸತು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ. ಒಂದೊಂದು ಪರಮಾಣುವೂ ಎರಡೆರಡು ಕೊಟ್ಟು ತಾನು ನೀರಿಗೆ ಇಳಿಯುತ್ತದೆ. ಆ ಎಲೆಕ್ಟ್ರಾನು ಬೋಟಿನ ಕಬ್ಬಿಣದೊಳಗೆ ಹರಿದು ಆಮ್ಲಜನಕದ ಬಾಯಿಗೆ ಬೀಳುತ್ತದೆ. ಕಬ್ಬಿಣ ತನ್ನದನ್ನು ಕೊಡಬೇಕಾಗುವುದಿಲ್ಲ. ಸತು ಸವೆಯುತ್ತದೆ, ಬೋಟು ಉಳಿಯುತ್ತದೆ. ಆದರೆ ಸತು ಬರಿಮೈಯಲ್ಲಿ ಸಮುದ್ರದ ನೀರಿಗೆ ತಾಗಬೇಕು. ನಡುವೆ ಬಣ್ಣ ಬಂದರೆ ಅದು ಏನೂ ಮಾಡಲಾರದು, ಸುಮ್ಮನೆ ಅಂಟಿಕೊಂಡ ಭಾರ ಅಷ್ಟೇ.

ಈ ಎಲೆಕ್ಟ್ರಾನಿನ ಪಾಠ ಕರುಣಾಕರನಿಗೆ ಬಾಯಿಪಾಠ ಬರುತ್ತಿತ್ತು. ವೃತ್ತ ಬರೆದು ಚುಕ್ಕಿ ಇಟ್ಟು, ಬಾಣದ ಗುರುತು ಹಾಕಿ, ಯಾವುದು ಯಾವುದಕ್ಕೆ ಕೊಡುತ್ತದೆ ಅಂತ ಚಂದ ಮಾಡಿ ಬರೆಯುತ್ತಿದ್ದ. ಹತ್ತಕ್ಕೆ ಹತ್ತು ಹಾಕಿದವನು ನಾನೇ! ನೆನೆಸಿಕೊಂಡರೆ ಇವತ್ತಿಗೂ ಆ ಕೆಂಪು ಪೆನ್ನನ್ನು ಮುರಿದು ಬಿಸಾಡುವ ಅನ್ನಿಸುತ್ತದೆ.

ಅದೇ ಬಂದರಿನಲ್ಲಿ ಶೀನಾಚಾರಿ ಅಂತ ವೆಲ್ಡಿಂಗ್ ಕೆಲಸದವರೊಬ್ಬರಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮೂವತ್ತು ವರ್ಷ ಬೋಟುಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡಿ ಕಣ್ಣು ಯಾವಾಗಲೂ ಕೆಂಪಗೆ ಇರುತ್ತಿತ್ತು. ಎಲೆಕ್ಟ್ರಾನು ಅನ್ನುವ ಶಬ್ದ ಅವರ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ. ಆದರೆ ಯಾವ ಬೋಟಿನ ಸತು ಯಾವ ಬದಿಯಲ್ಲಿ ಹೆಚ್ಚು ತಿಂದುಹೋಗಿದೆ ಅಂತ ಬೆರಳು ಸವರಿಯೇ ಹೇಳುತ್ತಿದ್ದರು.

ಮಳೆಗಾಲದ ಎರಡು ತಿಂಗಳು ಮೀನುಗಾರಿಕೆಗೆ ರಜೆ. ಆಗ ಬೋಟುಗಳನ್ನು ದಡಕ್ಕೆ ಎಳೆದು ರಿಪೇರಿ ಮಾಡಿ, ಬಣ್ಣ ಬಳಿದು, ಹೂ ಮುಡಿಸಿ, ಪೂಜೆ ಮಾಡಿ ನೀರಿಗೆ ಬಿಡುವುದು ಪದ್ಧತಿ. ಬಣ್ಣದವರು ಬರುವ ಹಿಂದಿನ ದಿನ ಶೀನಾಚಾರಿ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಸತುವಿನ ಗಟ್ಟಿಗಳಿಗೆ ಹಳೆ ಪೇಪರು ಸುತ್ತಿ ದಾರ ಕಟ್ಟುತ್ತಿದ್ದರು. ಬಣ್ಣ ಎಲ್ಲ ಒಣಗಿದ ಮೇಲೆ ತಾವೇ ಬಂದು ಬಿಚ್ಚುತ್ತಿದ್ದರು. ಆ ಪೇಪರು ಕಟ್ಟಿದ ಕಡೆ ಬ್ರಶ್ ಹೋಗಬಾರದು ಅಂತ ಬಣ್ಣದವರಿಗೆಲ್ಲ ಗೊತ್ತಿತ್ತು.

ಆ ವರ್ಷ ಕರುಣಾಕರನಿಗೆ ತನ್ನ ‘ನೀಲಪದ್ಮ’ ಬಂದರಿನಲ್ಲೇ ಚಂದದ ಬೋಟು ಅನ್ನಿಸಿಕೊಳ್ಳಬೇಕೆಂಬ ಹಟ ಬಂತು. ಪೂಜೆಗೆ ಫೋಟೋದವರನ್ನು ಕರೆಸಿದ್ದ. ತಲೆಯಿಂದ ಬುಡದವರೆಗೆ ಒಂದೇ ನೀಲಿ ಇರಬೇಕು ಅಂದಿದ್ದ. ಬೋಟಿನ ಹಿಂಭಾಗಕ್ಕೆ ಬಂದು ನೋಡಿದರೆ ಪೇಪರಿನ ಗಂಟು.

“ಇದೆಂತ ಆಚಾರ್ರೇ, ಬೋಟಿಗೆ ಗಾಯದ ಪಟ್ಟಿ ಕಟ್ಟಿದ್ದೀರಾ?” ಅಂದ.

“ಸತು. ಅದಕ್ಕೆ ಬಣ್ಣ ತಾಗಬಾರದು,” ಅಂದರು ಶೀನಾಚಾರಿ.

ಕರುಣಾಕರ ಪೇಪರು ಕಿತ್ತು ನೋಡಿದ. ಹೋದ ವರ್ಷ ಹಾಕಿದ ಗಟ್ಟಿ. ಮೈತುಂಬ ಕುಳಿ.

“ಅಯ್ಯೋ ದೇವರೇ! ಒಂದು ವರ್ಷಕ್ಕೆ ಹೀಗೆ ಆಗುವುದಾದರೆ ಇದೆಂತ ಮಾಲು? ಕೊಳೆತದ್ದನ್ನು ತಂದು ನನ್ನ ಬೋಟಿಗೆ ಅಂಟಿಸಿದ್ದೀರಿ.”

“ಅದು ತಿಂದುಹೋದದ್ದಕ್ಕೇ ನಿಮ್ಮ ಬೋಟು ಹಾಗೇ ಉಂಟು ಧಣಿ. ಇದು ಅರ್ಧ ಆಯ್ತು. ಇದನ್ನು ತೆಗೆದು ನಾಳೆ ಹೊಸದು ಹಾಕ್ತೇನೆ. ಬಣ್ಣ ಮಾತ್ರ ಬಳಿಸಬೇಡಿ.”

“ಹೊಸದು ಹಾಕಿ, ಬೇಡ ಅನ್ನುದಿಲ್ಲ. ಆದರೆ ಬಣ್ಣ ಬಳಿಯದೆ ಬಿಟ್ಟರೆ ಅದೂ ಹೀಗೇ ಆಗ್ತದೆ. ಫೋಟೋದಲ್ಲಿ ಎಂತ ಕಾಣ್ತದೆ ಮಾರಾಯ್ರೇ, ಬೋಟಿಗೆ ಸಿಡುಬು ಬಂದ ಹಾಗೆ!”

ಮರುದಿನ ಶೀನಾಚಾರಿ ಹೊಸ ಗಟ್ಟಿ ಹಾಕಿದರು, ಪೇಪರು ಸುತ್ತಿದರು. ಅದರ ಮಾರನೆ ಬೆಳಿಗ್ಗೆ ಬಂದು ನೋಡಿದರೆ ಪೇಪರು ನೆಲದ ಮೇಲೆ ಬಿದ್ದಿತ್ತು, ನಾಲ್ಕೂ ಗಟ್ಟಿಗೆ ದಪ್ಪ ನೀಲಿ. ಅವರು ತಂತಿಯ ಬ್ರಶ್ ತಂದು ಕೆರೆಯಲು ಕೂತರು. ಕರುಣಾಕರ ಓಡಿಬಂದು ಕೈಯಿಂದ ಬ್ರಶ್ ಕಿತ್ತುಕೊಂಡ.

“ನಾಳೆಯಿಂದ ನನ್ನ ಬೋಟಿನ ಹತ್ತಿರ ಬರಬೇಡಿ. ಕಣ್ಣೂ ಕಾಣುದಿಲ್ಲ, ಹೇಳಿದ್ದೂ ಕೇಳುದಿಲ್ಲ,” ಅಂದ. ತನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ, ಹತ್ತು ಜನರ ಎದುರು.

ಯಾರಿಗೆ ಕಾಣಲಿಕ್ಕೆ ಆ ಬಣ್ಣ, ಹೇಳಿ? ನೀರಿಗೆ ಇಳಿದ ಮೇಲೆ ಅಲ್ಲಿಗೆ ಮೀನು ಬಿಟ್ಟರೆ ಯಾರು ಹೋಗುತ್ತಾರೆ? ಒಂದು ಫೋಟೋಕ್ಕೆ! ನನ್ನ ಮೈ ಉರಿಯುವುದು ಅಲ್ಲಿ. ಇನ್ನೂ ಉರಿಯುವ ವಿಷಯ ಒಂದಿದೆ, ಮುಚ್ಚಿಟ್ಟರೆ ನಾನು ಮಾಷ್ಟ್ರೇ ಅಲ್ಲ. ಪೂಜೆಯ ದಿನ ನಾನೂ ಹೋಗಿದ್ದೆ. ಬೋಟಿನ ಸುತ್ತ ಒಂದು ಸುತ್ತು ಬಂದೆ. ನೀಲಿ ಬಳಿದ ನಾಲ್ಕು ಗಟ್ಟಿಗಳನ್ನು ಕಣ್ಣಾರೆ ಕಂಡೆ. ಅದು ಸತು ಅಂತ ಗೊತ್ತಿತ್ತು, ಸತುವಿಗೆ ಬಣ್ಣ ಬಳಿದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. “ಚಂದ ಉಂಟು ಕರುಣಾಕರ” ಅಂದು ಪ್ರಸಾದದ ಪಂಚಕಜ್ಜಾಯ ತಿಂದು ಮನೆಗೆ ಬಂದೆ.

ಒಂದು ವರ್ಷ ಕಳೆಯಿತು. ಮತ್ತೆ ಮಳೆಗಾಲ, ಮತ್ತೆ ಬೋಟು ದಡಕ್ಕೆ. ನೀಲಪದ್ಮದ ಸತು ಹಾಕಿದ ಹಾಗೇ ಇತ್ತು, ಒಂದು ಕುಳಿ ಇಲ್ಲ. ಕರುಣಾಕರ ಎಲ್ಲರನ್ನೂ ಕರೆಕರೆದು ತೋರಿಸಿದ.

“ನೋಡಿ, ಆಚಾರ್ರು ವರ್ಷ ವರ್ಷ ಹೊಸ ಸತು ಹಾಕಿಸ್ತಿದ್ದರಲ್ಲ? ನನ್ನದಕ್ಕೆ ಎಂತದೂ ಆಗ್ಲಿಲ್ಲ. ಎಂತ ಬೇಕಾಗಿತ್ತು ಅಷ್ಟೆಲ್ಲ ಗಲಾಟೆ?”

ಜನ ತಲೆಯಾಡಿಸಿದರು. ಸವೆಯದ ಸತುವನ್ನು ಹೊಗಳಿದರು! ಕೆಲಸವೇ ಮಾಡದೆ ಒಂದು ವರ್ಷ ಕೂತದ್ದಕ್ಕೆ ಭೇಷ್ ಅನ್ನಿಸಿಕೊಂಡಿತು ಅದು. ಅದರ ಪಕ್ಕದಲ್ಲೇ ಕಬ್ಬಿಣದ ತಗಡಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಬಣ್ಣದವನು ಅದರ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ನೀಲಿ ಬಳಿದ. ತಗಡು ಫಳಫಳ ಹೊಳೆಯಿತು.

ಬೋಟು ನಡೆಸುವವನನ್ನು ನಮ್ಮಲ್ಲಿ ತಂಡೇಲ ಅನ್ನುತ್ತಾರೆ. ನೀಲಪದ್ಮದ ತಂಡೇಲ ದೂಮಪ್ಪ. ಕೈಕೆಳಗೆ ಏಳು ಜನ. ಆ ಗುಳಿಗಳನ್ನು ಅವನೂ ಕಂಡಿದ್ದ. ಶೀನಾಚಾರಿಯ ಶೆಡ್ಡಿಗೆ ಹೋಗಿ ಕೇಳಿದ. ಆಚಾರಿ, “ಬಣ್ಣ ಕೆರೆಯಲಿಕ್ಕೆ ಅರ್ಧ ಗಂಟೆ ಸಾಕು ದೂಮಪ್ಪ. ಗುಳಿ ಬಿದ್ದ ತಗಡನ್ನು ಮಾತ್ರ ಬದಲಿಸಲೇಬೇಕು. ಧಣಿಗೆ ಹೇಳು. ನೀರಿನ ಮೇಲೆ ಇರುವವ ನೀನು, ಅವರಲ್ಲ,” ಅಂದರು.

ದೂಮಪ್ಪ ಹೇಳಿದ. ಕರುಣಾಕರ, “ನೀನು ಮೀನು ಹಿಡಿ, ಬೋಟು ನಾನು ನೋಡಿಕೊಳ್ತೇನೆ,” ಅಂದ. ದೂಮಪ್ಪ ಸುಮ್ಮನಾದ. ಕೆಲಸ ಹೋದರೆ ಮಳೆಗಾಲ ಮುಗಿದ ಮೇಲೆ ಯಾವ ಬೋಟಿನಲ್ಲೂ ಜಾಗ ಸಿಗುವುದಿಲ್ಲ ಅಂತ ಅವನಿಗೆ ಹೆದರಿಕೆ ಇತ್ತು.

ಕಾರ್ತಿಕದ ಒಂದು ಮಧ್ಯಾಹ್ನ. ದಡದಿಂದ ಎರಡು ಗಂಟೆಯ ದೂರದಲ್ಲಿ ನೀಲಪದ್ಮ ಬಲೆ ಎಳೆಯುತ್ತಿತ್ತು. ಎಂಜಿನ್ ನೋಡುವವನು ಕೆಳಗೆ ಇಳಿದರೆ ಮೊಣಕಾಲುದ್ದ ನೀರು. ಕೂಗಿದ. ದೂಮಪ್ಪ ಇಳಿದು ಕೈಯಾಡಿಸಿ ನೋಡಿದ. ಪುಟ್ಟಿ ಮೆತ್ತಿದ ಜಾಗದಲ್ಲೇ ತಗಡು ಹಪ್ಪಳದ ಹಾಗೆ ಒಡೆದು ಸಮುದ್ರ ಒಳಗೆ ನುಗ್ಗುತ್ತಿತ್ತು. ಮೈಮೇಲಿನ ಲುಂಗಿ ಬಿಚ್ಚಿ ತುರುಕಿದ. ಬಲೆಯ ತುಂಡು, ಕಂಬಳಿ, ಸಿಕ್ಕಿದ್ದೆಲ್ಲ ತುರುಕಿ ಬೆನ್ನು ಕೊಟ್ಟು ಕೂತ. ಉಳಿದ ಏಳು ಜನ ಬಕೆಟಿನಲ್ಲಿ ನೀರು ಎತ್ತಿ ಎತ್ತಿ ಚೆಲ್ಲಿದರು. ವಯರ್‌ಲೆಸ್‌ನಲ್ಲಿ ಕೂಗಿದ್ದಕ್ಕೆ ಇನ್ನೊಂದು ಬೋಟು ಬಂದು ಹಗ್ಗ ಕಟ್ಟಿ ಎಳೆಯಿತು. ನದಿ ಸಮುದ್ರ ಸೇರುವ ಅಳಿವೆಬಾಗಿಲಿಗೆ ಬರುವಾಗ ನೀಲಪದ್ಮ ನೀರಿನ ತಳಕ್ಕೆ ಕೂತೇಬಿಟ್ಟಿತು. ಎಂಟು ಜನರೂ ಹಾರಿ ಈಜಿ ಬದುಕಿದರು. ದೂಮಪ್ಪನ ಬೆನ್ನಿನ ಚರ್ಮ ತಗಡಿನ ಅಂಚಿಗೆ ಹರಿದು ಹೋಗಿತ್ತು.

ಈಗಲಾದರೂ ಕರುಣಾಕರನಿಗೆ ಬುದ್ಧಿ ಬಂತು ಅಂದುಕೊಂಡಿರಾ? ಎಲ್ಲಿಂದ ಬರಬೇಕು! ಕ್ರೇನಿನಲ್ಲಿ ಬೋಟನ್ನು ಎತ್ತಿಸಿ, ಆ ನೀಲಿ ಸತುವಿನ ಒಂದು ಗಟ್ಟಿಯನ್ನು ಬಿಚ್ಚಿ ಹಿಡಿದುಕೊಂಡು ಮೀನುಗಾರರ ಸಂಘಕ್ಕೆ ಬಂದ. ಅಧ್ಯಕ್ಷರ ಮೇಜಿನ ಮೇಲೆ ಇಟ್ಟ.

“ನೋಡಿ, ನನ್ನ ಸತು ಹೊಸದರ ಹಾಗೇ ಉಂಟು. ನನ್ನ ಕಡೆಯಿಂದ ತಪ್ಪಿಲ್ಲ. ತಗಡು ಒಡೆದದ್ದು ಶೀನಾಚಾರಿ ಹಿಂದೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ. ಆ ಮನುಷ್ಯನಿಗೆ ಕಣ್ಣು ಕಾಣುದಿಲ್ಲ. ಈ ಬಂದರಿನಲ್ಲಿ ಅವರಿಗೆ ಇನ್ನು ಯಾರೂ ಕೆಲಸ ಕೊಡಬಾರದು. ಬೇಕಾದರೆ ನಮ್ಮ ಮಾಷ್ಟ್ರನ್ನೇ ಕೇಳಿ, ಸತು ಇದ್ದರೆ ಕಬ್ಬಿಣಕ್ಕೆ ತುಕ್ಕು ಬರುದಿಲ್ಲ ಅಂತ ಕಲಿಸಿದವರೇ ಅವರು.”

ನನ್ನನ್ನು ಕರೆಸಿದ್ದರು. ನಾನು ಎದ್ದೆ. ಬೋರ್ಡು ತರಿಸಿ ವೃತ್ತ ಬರೆಯುವ ಅಂತ ಹೊರಟೆ. ಶೀನಾಚಾರಿ ಕೈ ಎತ್ತಿದರು.

“ಬೇಡ ಮಾಷ್ಟ್ರೇ. ಬರೆದರೆ ಅವರು ನಿಮಗಿಂತ ಚಂದ ಬರೀತಾರೆ. ನನಗೆ ಮೂರು ದಿನ ಕೊಡಿ, ಎರಡು ಬಾಟ್ಲಿ ಕೊಡಿ.”

ಎಲ್ಲರ ಎದುರೇ ಅವರು ಆ ನೀಲಿ ಗಟ್ಟಿಯಿಂದ ಎರಡು ತುಂಡು ಕೊಯ್ದರು. ಎರಡಕ್ಕೂ ತೂತು ಕೊರೆದು ಒಂದೊಂದು ಹೊಸ ಕಬ್ಬಿಣದ ಮೊಳೆ ಬಿಗಿದರು. ಒಂದು ತುಂಡಿನ ಬಣ್ಣವನ್ನೆಲ್ಲ ಉಜ್ಜಿ ತೆಗೆದರು. ಇನ್ನೊಂದರ ಬಣ್ಣ ಹಾಗೇ ಬಿಟ್ಟು, ಕೊಯ್ದ ಬದಿಗೂ ಅದೇ ನೀಲಿ ಬಳಿದು ಒಣಗಿಸಿದರು. ಎರಡು ಬಾಟಲಿಗೆ ಸಮುದ್ರದ ನೀರು ತುಂಬಿ ಒಂದೊಂದರಲ್ಲಿ ಒಂದೊಂದು ಇಳಿಸಿದರು. ಅಧ್ಯಕ್ಷರು ಬಾಟಲಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ಮೂರು ದಿನ ಶೀನಾಚಾರಿಗೆ ಒಬ್ಬನೇ ಒಬ್ಬ ಕೆಲಸ ಕೊಡಲಿಲ್ಲ. ಮೂವತ್ತು ವರ್ಷ ಅವರ ಬೆವರಿನ ಮೇಲೆ ತೇಲಿದ ಬೋಟಿನವರು ಎದುರು ಸಿಕ್ಕಿದರೆ ಮುಖ ತಿರುಗಿಸಿದರು.

ಮೂರನೇ ದಿನ ಬೀಗ ತೆಗೆದರು. ಬಣ್ಣ ತೆಗೆದ ಸತುವಿನ ಮೈ ಮಂಕಾಗಿತ್ತು, ಬಿಳಿ ಪುಡಿ ಹಿಡಿದಿತ್ತು. ಅದರ ಮೊಳೆ ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಇತ್ತು. ಇನ್ನೊಂದು ಬಾಟಲಿಯ ಸತು ನೀಲಿಯಾಗಿ ಹೊಳೆಯುತ್ತಿತ್ತು, ಒಂದು ಗೆರೆ ಸಹ ಬಿದ್ದಿರಲಿಲ್ಲ. ಅದರ ಮೊಳೆ ಕೆಂಪು ತುಕ್ಕು ಹಿಡಿದು ನೀರೆಲ್ಲ ಕದಡಿಹೋಗಿತ್ತು.

ಆಗ ದೂಮಪ್ಪ ಎದ್ದು ಬಂದು ಅಂಗಿ ಎತ್ತಿ ಬೆನ್ನು ತೋರಿಸಿದ.

“ಆಚಾರ್ರು ಹೇಳಿದ್ರು. ನಾನು ಧಣಿಗೆ ಹೇಳಿದೆ. ಬೈದ ಕೂಡ್ಲೇ ಬಾಯಿ ಮುಚ್ಚಿಕೊಂಡೆ. ಏಳು ಜನರನ್ನು ಕರಕೊಂಡು ಹೋಗುವವ ನಾನು, ಬಾಯಿ ಮುಚ್ಚಿಕೊಂಡೆ,” ಅಂದ.

ನಾನೂ ಎದ್ದೆ. ಪಂಚಕಜ್ಜಾಯ ತಿಂದ ವಿಷಯ ಹೇಳಿದೆ. ಹೇಳುವಾಗ ನಾಚಿಕೆಯಿಂದ ತಲೆ ಎತ್ತಲಿಕ್ಕಾಗಲಿಲ್ಲ.

ಕರುಣಾಕರ ಬಹಳ ಚುರುಕಿನ ಮನುಷ್ಯ. ಗಾಳಿ ತಿರುಗಿದ್ದು ಗೊತ್ತಾದ ಕೂಡಲೇ ದನಿ ಬದಲಾಯಿಸಿದ. “ಸರಿ, ನನ್ನದೇ ತಪ್ಪು ಅಂತ ಇಟ್ಟುಕೊಳ್ಳಿ. ಆಚಾರ್ರು ದೊಡ್ಡವರು. ಸತುವಿನ ಹಾಗೆ ನಮಗಾಗಿ ಸವೆದ ತ್ಯಾಗಮೂರ್ತಿ. ಬರುವ ಪೂಜೆಗೆ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ಭರ್ಜರಿ ಸನ್ಮಾನ ಮಾಡುವ. ಫೋಟೋದವರನ್ನೂ ಕರೆಸುವ!”

ಸಭೆ ಚಪ್ಪಾಳೆ ತಟ್ಟಿತು. ಹೌದು ಮಕ್ಕಳೇ, ತಟ್ಟಿತು! ಮೂರು ದಿನ ಮುಖ ತಿರುಗಿಸಿದ ಅದೇ ಕೈಗಳು.

ಶೀನಾಚಾರಿ ಆ ನೀಲಿ ತುಂಡನ್ನು ಬಾಟಲಿಯಿಂದ ತೆಗೆದು ಕರುಣಾಕರನ ಅಂಗೈಯಲ್ಲಿಟ್ಟರು.

“ಮೊದಲು ಇದಕ್ಕೆ ಬಳಿದಿರಿ. ಈಗ ನನಗೆ ಬಳಿಯಲಿಕ್ಕೆ ಹೊರಟಿದ್ದೀರಾ?” ಅಂದರು.

ಚಪ್ಪಾಳೆ ನಿಂತಿತು.

“ನನಗೆ ಶಾಲು ಬೇಡ. ಸತುವಿಗೆ ಹೂವೂ ಬೇಡ, ನೀಲಿಯೂ ಬೇಡ. ಅದನ್ನು ಅದರ ಕೆಲಸ ಮಾಡಲಿಕ್ಕೆ ಬಿಡಿ, ಅರ್ಧ ಸವೆಯುವಾಗ ತೆಗೆದು ಬೇರೆ ಹಾಕಿ, ಪೂರ್ತಿ ಮುಗಿಯಲಿಕ್ಕೆ ಬಿಡಬೇಡಿ. ನನ್ನ ಲೆಕ್ಕವೂ ಅದೇ. ನನ್ನ ಕಣ್ಣು ಕಾಣುದಿಲ್ಲ ಅಂತ ಇಲ್ಲಿ ಎಲ್ಲರ ಎದುರು ಹೇಳಿದ್ರಲ್ಲ, ಅದು ವೆಲ್ಡಿಂಗಿನ ಬೆಳಕಿಗೆ ಹೋದದ್ದು. ಕಣ್ಣಿಗೆ ಹಿಡಿಯುವ ಒಂದು ಒಳ್ಳೆ ಕಪ್ಪು ಗಾಜು ಮೂವತ್ತು ವರ್ಷದಲ್ಲಿ ಯಾವ ಧಣಿಯೂ ಕೊಡ್ಲಿಲ್ಲ. ಶೆಡ್ಡಿನಲ್ಲಿ ಈಗ ಆರು ಜನ ಹುಡುಗರಿದ್ದಾರೆ. ಅವರ ಕಣ್ಣು ಇನ್ನೂ ಸರಿ ಉಂಟು. ಶಾಲಿನ ಬದಲು ಅವರಿಗೆ ಗಾಜು ತಂದು ಕೊಡಿ. ನಾಳೆಯೇ ಕೊಡಿ.”

ಇಷ್ಟು ಹೇಳಿ ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಬಾಗಿಲಿನ ಮೆಟ್ಟಿಲು ಸರಿಯಾಗಿ ಕಾಣದೆ ಒಂದು ಕ್ಷಣ ಗೋಡೆ ಹಿಡಿದು ನಿಂತರು. ಆ ಗೋಡೆ ಹಿಡಿದ ಕೈಯನ್ನು ಸಭೆಯಲ್ಲಿದ್ದವರೆಲ್ಲ ನೋಡಿದರು. ದೂಮಪ್ಪ ಓಡಿಹೋಗಿ ತೋಳು ಹಿಡಿದು ಇಳಿಸಿದ. ಕರುಣಾಕರ ಅಂಗೈಯ ಸತುವನ್ನು ಎಲ್ಲಿಡುವುದು ಅಂತ ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

ಮರುದಿನ ಆರು ಗಾಜು ಬಂತು. ಏಳನೆಯದನ್ನು ನಾನು ತಂದೆ, ಶೀನಾಚಾರಿಗೆ. ಅವರು ಹಿಡಿದು ನೋಡಿ ನಕ್ಕರು. “ಸ್ವಲ್ಪ ತಡ ಆಯ್ತು ಮಾಷ್ಟ್ರೇ,” ಅಂದರು.

ಈ ಕಥೆ ಕೇಳಿ ಕೆಲವರು ನಿಮಗೆ, ಸತುವಿನ ಹಾಗೆ ಇನ್ನೊಬ್ಬರಿಗಾಗಿ ಸವೆಯಿರಿ ಮಕ್ಕಳೇ ಅಂತ ಬುದ್ಧಿ ಹೇಳಲು ಬರುತ್ತಾರೆ. ಹೆಚ್ಚಾಗಿ ಅವರು ಬೋಟಿನ ಮೇಲೆ ಕೂತವರೇ ಆಗಿರುತ್ತಾರೆ. ಅವರ ಮಾತು ಕೇಳಬೇಡಿ. ಇದನ್ನು ಹತ್ತು ಜನರಿಗೆ ಕಳಿಸಿ ಅಂತಲೂ ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ನಿಮಗಾಗಿ ಸವೆಯುತ್ತಿರುವವರು ಯಾರು ಅಂತ ಒಮ್ಮೆ ಕಣ್ಣು ಬಿಟ್ಟು ನೋಡಿ, ಸಾಕು.

ನೀತಿ: ನಿಮ್ಮನ್ನು ಉಳಿಸಲಿಕ್ಕೆ ಸವೆದವರನ್ನು ಕೊಳೆತವರು ಅನ್ನಬೇಡಿ, ಹೊಗಳಿಕೆಯ ಬಣ್ಣ ಬಳಿದು ಮುಚ್ಚಲೂ ಬೇಡಿ. ಅರ್ಧ ಸವೆಯುವ ಮೊದಲೇ ಅವರ ಭಾರ ಇಳಿಸಿ. ತಪ್ಪು ಕಂಡವರು ಆ ದಿನವೇ ಬಾಯಿ ಬಿಡಿ. ತಡವಾಗಿ ತಂದ ಗಾಜಿನಿಂದ ಹೋದ ಕಣ್ಣು ಮರಳಿ ಬರುವುದಿಲ್ಲ.